ಹಳೆಯ ಕಾರು, ಘಾಟಿಯ ದಾರಿ

ಮನೆಯಲ್ಲಿ ಒಂದು ಹಳೆಯ ಕಾರಿದ್ದು, ಅದು ಈಚೆಗೆ ಆಗಾಗ ಕೈಕೊಡತೊಡಗಿದರೆ, ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ಪ್ರಶ್ನೆಗೆ ಉತ್ತರ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಒಂದು ಪಕ್ಷದವರು, ಹಳೆಯದೇ ಗಟ್ಟಿ, ಈಗಿನ ಕಾರುಗಳೆಲ್ಲ ಬರಿಯ ತಗಡು ಎನ್ನುತ್ತಾರೆ. ಇನ್ನೊಂದು ಪಕ್ಷದವರು, ಹದಿನೈದು ವರ್ಷವಾದ ಮೇಲೆ ಅದರ ಮುಖ ನೋಡಬಾರದು ಎನ್ನುತ್ತಾರೆ. ಇಬ್ಬರೂ ಮಾತನಾಡುವುದು ವಯಸ್ಸಿನ ವಿಚಾರವನ್ನೇ. ಅರವತ್ತು ದಾಟಿದ ನನಗೆ ವಯಸ್ಸೊಂದನ್ನೇ ಹಿಡಿದು ತೀರ್ಪು ಕೊಡುವ ಪದ್ಧತಿಯ ಮೇಲೆ ಸಹಜವಾಗಿಯೇ ಅಷ್ಟು ಗೌರವವಿಲ್ಲ. ಆದ್ದರಿಂದ ಈ ವಿಷಯವನ್ನು ಬೇರೊಂದು ಬದಿಯಿಂದ ನೋಡಬಹುದೇ ಎಂದು ಯೋಚಿಸಬೇಕಾಯಿತು. ಕಾರು ಕೆಡುವುದು ತಪ್ಪಿದ್ದಲ್ಲ. ಅದು ಹೇಳಿ ಕೆಡುತ್ತದೆಯೋ ಹೇಳದೆ ಕೆಡುತ್ತದೆಯೋ ಎಂಬುದೇ ನನಗೆ ಮುಖ್ಯವಾಗಿ ತೋರಿದ ಪ್ರಶ್ನೆ.

ನಾವಿರುವುದು ತೀರ್ಥಹಳ್ಳಿಯಲ್ಲಿ. ನಮ್ಮ ಮನೆಯವರಿಗೆ ಎರಡು ವರ್ಷಗಳಿಂದ ಕಣ್ಣಿನ ಹಿಂಬದಿಯ ರೆಟಿನಾ ಪದರದ ತೊಂದರೆ. ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಿ ಕಣ್ಣಿಗೆ ಚುಚ್ಚುಮದ್ದು ಹಾಕಿಸಬೇಕು. ಈ ಮದ್ದಿನ ಗುಣವೆಂದರೆ, ಹೊತ್ತಿಗೆ ಸರಿಯಾಗಿ ಬಿದ್ದರೆ ಇರುವ ದೃಷ್ಟಿಯನ್ನು ಕಾಪಾಡಿಕೊಂಡು ಹೋಗುತ್ತದೆ. ವಾಯಿದೆ ಮೀರುತ್ತ ಹೋದರೆ, ಕಳೆದುಹೋದ ದೃಷ್ಟಿ ಮತ್ತೆ ಬರುತ್ತದೆಂಬ ಭರವಸೆಯಿಲ್ಲ. ದಿನಕ್ಕೆ ನಾಲ್ಕು ಗಂಟೆ ಓದುವ ಹೆಂಗಸಿಗೆ ಇದು ಸಣ್ಣ ಮಾತಲ್ಲ. ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಸುಮಾರು 85 ಕಿಲೋಮೀಟರು. ನಡುವೆ ಆಗುಂಬೆ ಘಾಟಿ, ಅದರ ಹದಿನಾಲ್ಕು ಕಡಿದಾದ ತಿರುವುಗಳು, ಇಳಿದ ಮೇಲೆ ಸೋಮೇಶ್ವರ, ಹೆಬ್ರಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಜಾಗವದು. ನಮ್ಮ ಕಾರು 2006ರಲ್ಲಿ ಕೊಂಡದ್ದು. ಸಣ್ಣ ಪೆಟ್ರೋಲ್ ಕಾರು. ಓಡಿರುವುದು ಒಂದು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರು. ಯಾವ ಕಂಪನಿಯದೆಂದು ಹೇಳುವ ಅಗತ್ಯವಿಲ್ಲ. ಇಪ್ಪತ್ತು ವರ್ಷ ದುಡಿದದ್ದರ ಮೇಲೆ ದೂರು ಹೇಳುವುದು ಧರ್ಮವೂ ಅಲ್ಲ.

ನನ್ನ ಅಜ್ಜನ ಕಾಲದ ಎತ್ತಿನ ಗಾಡಿಗೆ ವಯಸ್ಸೆಂಬುದೇ ಇರಲಿಲ್ಲ. ನೊಗ ಸವೆದರೆ ಬಡಗಿ ಬೇರೆ ನೊಗ ಕೆತ್ತಿ ಕೊಡುತ್ತಿದ್ದ. ಮೂಕಿ ಸೀಳಿದರೆ ಬೇರೆ ಮೂಕಿ. ಅಚ್ಚು ಮುರಿದರೆ ಬೇರೆ ಅಚ್ಚು. ಚಕ್ರದ ಕಬ್ಬಿಣದ ಪಟ್ಟಿ ಸಡಿಲವಾದರೆ ಕಮ್ಮಾರ ಅದನ್ನು ಕಾಯಿಸಿ ಮತ್ತೆ ಬಿಗಿಯುತ್ತಿದ್ದ. ಕೀಲೆಣ್ಣೆ ಹಾಕುವುದು ಮನೆಯವರ ಕೆಲಸ. ಹೀಗೆ ಅವಯವಗಳನ್ನೆಲ್ಲ ಒಂದೊಂದಾಗಿ ಬದಲಾಯಿಸಿದ ಮೇಲೂ ಊರವರು ಅದನ್ನು ಅಜ್ಜನ ಗಾಡಿಯೆಂದೇ ಕರೆಯುತ್ತಿದ್ದರು. ಬದಲಾಯಿಸಲಾಗದ ಭಾಗ ಅದರಲ್ಲಿ ಒಂದೂ ಇರಲಿಲ್ಲವೆಂಬುದೇ ಅದರ ಚಿರಾಯುಸ್ಸಿನ ಗುಟ್ಟು. ಉತ್ತರಪಾರಾದಲ್ಲಿ 2014ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿಗೂ ಈ ಗುಣ ಸ್ವಲ್ಪಮಟ್ಟಿಗೆ ಇತ್ತು. ಕಾರ್ಬುರೇಟರನ್ನು ರಸ್ತೆಯ ಬದಿಯಲ್ಲೇ ಬಿಚ್ಚಿ, ಊದಿ, ಕಸ ತೆಗೆದು, ಮತ್ತೆ ಹಾಕಿಕೊಂಡು ಹೋದವರನ್ನು ನಾವೆಲ್ಲ ಕಂಡಿದ್ದೇವೆ.

ಈಗಿನ ಸಣ್ಣ ಕಾರಿನ ಮಾತು ಬೇರೆ. ಅದರಲ್ಲಿಯೂ ಬಹಳಷ್ಟು ಭಾಗಗಳು ಬದಲಾಯಿಸಬಹುದಾದವೇ. ಕ್ಲಚ್ ಪ್ಲೇಟು, ಬ್ರೇಕಿನ ಪ್ಯಾಡು, ಶಾಕ್ ಅಬ್ಸಾರ್ಬರು, ರೇಡಿಯೇಟರು, ಡೈನಮೋ, ಬ್ಯಾಟರಿ ಮೊದಲಾದುವೆಲ್ಲ ಸವೆಯುವುದಕ್ಕೆಂದೇ ಇರುವ ವಸ್ತುಗಳು. ಅವು ಸವೆದವೆಂದು ಕಾರು ಮುದಿಯಾಯಿತೆನ್ನುವುದು, ಚಪ್ಪಲಿ ಸವೆದದ್ದಕ್ಕೆ ಮನುಷ್ಯ ಮುದುಕನಾದನೆಂದಂತೆ. ಎಂಜಿನ್ನನ್ನೇ ಬಿಚ್ಚಿ ಹೊಸದು ಮಾಡಿಸಬಹುದು. ಆದರೆ ಹಳೆಯ ಕಾಲದ ಲಾರಿ ಜೀಪುಗಳಲ್ಲಿರುವಂತೆ ಪ್ರತ್ಯೇಕವಾದ ಉಕ್ಕಿನ ಚಾಸಿಸ್ ಈ ಸಣ್ಣ ಕಾರುಗಳಲ್ಲಿಲ್ಲ. ತಗಡನ್ನೇ ಮಡಿಸಿ ಬೆಸೆದು ಮಾಡಿದ ಒಡಲೇ ಅದರ ಅಸ್ಥಿಪಂಜರ. ಚಕ್ರ, ಆಕ್ಸಲ್, ಎಂಜಿನ್ ಎಲ್ಲವೂ ನೇತುಬಿದ್ದಿರುವುದು ಅದಕ್ಕೇ. ಅದು ತುಕ್ಕು ಹಿಡಿದು ಟೊಳ್ಳಾದರೆ, ಉಳಿದದ್ದೆಲ್ಲ ಹೊಸದಾಗಿದ್ದರೂ ಪ್ರಯೋಜನವಿಲ್ಲ. ಕಾರಿನಲ್ಲಿ ಕಾರೆಂಬುದು ಯಾವುದೆಂದು ಯಾರಾದರೂ ಕೇಳಿದರೆ, ಆ ಒಡಲೇ ಎಂದು ನಾನು ಉತ್ತರ ಹೇಳುತ್ತೇನೆ. ಅಂಗಡಿಯಲ್ಲಿ ಬಿಡಿಭಾಗವಾಗಿ ಅದು ಸಿಕ್ಕುವುದಿಲ್ಲ.

ಇನ್ನು ಹೇಳಿ ಕೆಡುವ ವಿಚಾರ. ಸವೆಯುವ ಭಾಗಗಳಲ್ಲಿ ಹೆಚ್ಚಿನವು ಸುಸಂಸ್ಕೃತರಂತೆ ಮೊದಲೇ ಸೂಚನೆ ಕೊಡುತ್ತವೆ. ಕ್ಲಚ್ ಸವೆದಾಗ ಎಂಜಿನ್ನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಹೊಗೆಯೂ ಒಂದು ಭಾಷೆಯೇ: ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲು ಮಿತಿಮೀರಿ ಹೋಗುತ್ತಿದೆ, ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಎಂಜಿನ್ನಿನೊಳಕ್ಕೆ ಸೇರುತ್ತಿದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಹೆಚ್ಚು ಓಡಿಸದ ನಮ್ಮಂಥವರ ಟಯರುಗಳು ಸವೆಯುವ ಮೊದಲೇ ಮುದಿಯಾಗಿ ಬಿರಿಯುತ್ತವೆ. ಮೇಲಿನ ಗೆರೆಗಳು ಆಳವಾಗಿವೆಯಲ್ಲ ಎಂದು ಸಮಾಧಾನಪಡುವವರು ಈ ನಾಲ್ಕು ಅಂಕಿಗಳನ್ನೂ ಒಮ್ಮೆ ಓದಬೇಕು.

ಸೂಚನೆ ಕೊಡದೆ ಕೆಡುವ ಒಂದನ್ನು ಮಾತ್ರ ಘಾಟಿಯವರು ವಿಶೇಷವಾಗಿ ತಿಳಿದಿರತಕ್ಕದ್ದು. ಅದು ಬ್ರೇಕ್ ಆಯಿಲ್. ಹೆಸರು ಆಯಿಲ್ ಎಂದಿದ್ದರೂ ಅದು ಎಣ್ಣೆಯಲ್ಲ. ಗಾಳಿಯಲ್ಲಿರುವ ತೇವವನ್ನು ಹೀರುವ ದ್ರವ. ಡಾಟ್ 3 ಎಂಬ ದರ್ಜೆಯದು ಹೊಸತಾಗಿರುವಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ನಿಯಮವಿದೆ. ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಮಲೆನಾಡಿನ ತೇವವನ್ನು ನಾನು ಬೇರೆ ವರ್ಣಿಸಬೇಕಿಲ್ಲ. ಇಳಿಜಾರಿನಲ್ಲಿ ಉದ್ದಕ್ಕೂ ಬ್ರೇಕನ್ನೇ ತುಳಿಯುತ್ತ ಬಂದರೆ ಚಕ್ರದ ಬಳಿ ಬಿಸಿ ಏರಿ, ಹಳೆಯ ದ್ರವ ಕುದಿದು ಅದರಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ದ್ರವವನ್ನು ಅದುಮಿದರೆ ಒತ್ತಡ ಚಕ್ರಕ್ಕೆ ತಲಪುತ್ತದೆ. ಆವಿಯನ್ನು ಅದುಮಿದರೆ ಆವಿಯೇ ಕುಗ್ಗುತ್ತದೆ. ಕಾಲಿನ ಕೆಳಗೆ ಪೆಡಲು ಮೆತ್ತಗಾಗಿ ನೆಲಕ್ಕೆ ಇಳಿದುಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಕೆಲವು ನೂರು ರೂಪಾಯಿ ಖರ್ಚು ಮಾಡಿ ಈ ದ್ರವವನ್ನು ಬದಲಾಯಿಸಿ, ಘಾಟಿಯನ್ನು ಎರಡನೆಯ ಗೇರಿನಲ್ಲಿ ಎಂಜಿನ್ನಿನ ಬಿಗಿಯ ಮೇಲೆಯೇ ಇಳಿದರೆ ಈ ಭಯವಿಲ್ಲ. ಇದಕ್ಕೂ ಕಾರಿನ ವಯಸ್ಸಿಗೂ ಸಂಬಂಧವಿಲ್ಲ. ಐದು ವರ್ಷದ ಕಾರಿನಲ್ಲಿಯೂ ದ್ರವ ಐದು ವರ್ಷದ್ದೇ ಆಗಿದ್ದರೆ ಅದು ನನ್ನ ಕಾರಿಗಿಂತ ಅಪಾಯಕಾರಿ.

ನಮ್ಮ ಕಾರಿಗೆ ಬಂದದ್ದು ಬೇರೆಯೇ ಕಾಯಿಲೆ. 2025ರ ಜುಲೈ ತಿಂಗಳಲ್ಲಿ ಮಣಿಪಾಲದಿಂದ ಮರಳುವಾಗ, ಘಾಟಿಯ ನಡುವೆ, ಸುರಿಯುವ ಮಳೆಯಲ್ಲಿ ಎಂಜಿನ್ ತಾನಾಗಿಯೇ ನಿಂತುಹೋಯಿತು. ಇಪ್ಪತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗದಂತೆ ಹೊರಟಿತು. ಮತ್ತೆ ಮೂರು ವಾರ ಸರಿಯಾಗಿತ್ತು. ಆಮೇಲೆ ಕೊಪ್ಪದ ದಾರಿಯಲ್ಲಿ ಮತ್ತೊಮ್ಮೆ ನಿಂತಿತು. ನಮ್ಮೂರಿನ ಮೆಕ್ಯಾನಿಕ್ಕು ನಲವತ್ತು ವರ್ಷದ ಅನುಭವಿ. ಅವರ ಮುಂದೆ ಮಾತ್ರ ಒಮ್ಮೆಯೂ ನಿಲ್ಲಲಿಲ್ಲ. ವೈದ್ಯರ ಮುಂದೆ ಕೆಮ್ಮು ಬಾರದ ರೋಗಿಯಂತೆ! ಅವರು ಇಗ್ನಿಷನ್ ಕಾಯಿಲ್ ಬದಲಾಯಿಸಿದರು. ಪೆಟ್ರೋಲ್ ಪಂಪು ಬದಲಾಯಿಸಿದರು. ಕೊನೆಗೆ ಒಂದು ದಿನ ಎಂಜಿನ್ನನ್ನು ಶೆಡ್ಡಿನಲ್ಲಿ ಎರಡು ಗಂಟೆ ಓಡಲು ಬಿಟ್ಟು, ಅದು ನಿಂತ ಕೂಡಲೇ ಯಂತ್ರ ಹಚ್ಚಿ ನೋಡಿದಾಗ ಕಾರಣ ಸಿಕ್ಕಿತು. ಎಂಜಿನ್ನಿನ ದಂಡ ಯಾವ ಕೋನದಲ್ಲಿ ತಿರುಗುತ್ತಿದೆಯೆಂದು ಕಂಪ್ಯೂಟರಿಗೆ ತಿಳಿಸುವ ಹೆಬ್ಬೆರಳಿನಷ್ಟು ಸಣ್ಣ ಸೆನ್ಸರೊಂದು ಬಿಸಿಯಾದಾಗ ಮೂಕವಾಗುತ್ತಿತ್ತು. ತಣಿದಾಗ ಮತ್ತೆ ಮಾತನಾಡುತ್ತಿತ್ತು. ಅದು ಮೂಕವಾದ ಕೂಡಲೇ ಕಂಪ್ಯೂಟರು ಕಿಡಿಯನ್ನೂ ಪೆಟ್ರೋಲನ್ನೂ ನಿಲ್ಲಿಸಿಬಿಡುತ್ತದೆ. ಅದರ ಬೆಲೆ ಎರಡು ಸಾವಿರ ರೂಪಾಯಿಯ ಒಳಗೆ.

ಈ ಎರಡು ತಿಂಗಳು ನೆಂಟರಿಷ್ಟರೆಲ್ಲ ಕಾರನ್ನು ಮಾರಿಬಿಡಿರೆಂದು ಒತ್ತಾಯಿಸಿದರು. ಕಾರಣ ತಿಳಿಯದೆ ಇದ್ದಷ್ಟು ದಿನ ಅವರ ಮಾತು ಸರಿಯಾಗಿಯೇ ಇತ್ತು. ಯಾವಾಗ ನಿಲ್ಲುತ್ತದೆಂದು ಹೇಳಲಾಗದ ವಾಹನವನ್ನು ನಂಬಿ, ಮದ್ದಿನ ವಾಯಿದೆಯುಳ್ಳವರನ್ನು ಘಾಟಿ ಇಳಿಸುವುದು ಹೇಗೆ? ಆ ದಾರಿಯಲ್ಲಿ ಫೋನಿಗೂ ಎಲ್ಲ ಕಡೆ ಸಂಕೇತ ಸಿಕ್ಕುವುದಿಲ್ಲ. ಆದರೆ ಕಾರಣ ತಿಳಿದು ಅದನ್ನು ಪರಿಹರಿಸಿದ ಮೇಲೆ, ಆ ಸೆನ್ಸರು ಕೆಟ್ಟದ್ದೊಂದೇ ಕಾರು ಮಾರಲು ಕಾರಣವಾಗಿ ಉಳಿಯಲಿಲ್ಲ. ರೋಗದ ಹೆಸರು ಗೊತ್ತಾದರೆ ಅರ್ಧ ಗುಣವೆನ್ನುತ್ತಾರಲ್ಲ, ಹಾಗೆ. ಜನ ಸಾಮಾನ್ಯವಾಗಿ ಇಂಥ ಹೊತ್ತಿನಲ್ಲೇ ಬೇಸತ್ತು ಒಳ್ಳೆಯ ಕಾರನ್ನು ಮಾರಿಬಿಡುತ್ತಾರೆ. ಕೊಂಡವನು ಎರಡು ಸಾವಿರ ಖರ್ಚು ಮಾಡಿ ಆರಾಮವಾಗಿ ಓಡಿಸುತ್ತಾನೆ.

ಹಣದ ಲೆಕ್ಕವನ್ನೂ ಹಾಕಿದೆ. ದುರಸ್ತಿಗೆ 2023ರಲ್ಲಿ 16,000, 2024ರಲ್ಲಿ 23,000, 2025ರಲ್ಲಿ 38,000 ರೂಪಾಯಿ ಹೋಗಿತ್ತು. ಇಷ್ಟೆಲ್ಲ ಸುರಿದ ಮೇಲೆ ಈಗ ಬಿಡುವುದೇ ಎಂಬ ಮೋಹ ಯಾರಿಗಾದರೂ ಬರುತ್ತದೆ. ಆದರೆ ಹೋದ ಹಣ ಇಟ್ಟುಕೊಂಡರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಅದನ್ನು ತಕ್ಕಡಿಯ ಯಾವ ತಟ್ಟೆಗೂ ಹಾಕಬಾರದು. ಮುಂದಿನ ವರ್ಷಕ್ಕೆ ಎಷ್ಟು ಬೇಕೆಂಬುದಷ್ಟೇ ಲೆಕ್ಕ. ಐದೂವರೆ ಲಕ್ಷ ಬೆಲೆಯ ಹೊಸ ಕಾರಿಗೆ ಕರ್ನಾಟಕದಲ್ಲಿ ಶೇಕಡ 14ರ ಜೀವಾವಧಿ ತೆರಿಗೆ, ಅದರ ಮೇಲೆ ಉಪಕರ, ವಿಮೆ ಎಲ್ಲ ಸೇರಿ ರಸ್ತೆಗಿಳಿಯುವ ಹೊತ್ತಿಗೆ ಆರು ಲಕ್ಷ ಎಪ್ಪತ್ತು ಸಾವಿರದಷ್ಟಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದ ಮೇಲಿನ ಮಾತಿದು. ಹತ್ತು ವರ್ಷ ಇಟ್ಟುಕೊಂಡು ಒಂದು ಲಕ್ಷ ಎಪ್ಪತ್ತು ಸಾವಿರಕ್ಕೆ ಮಾರಿದರೂ ವರ್ಷಕ್ಕೆ 50,000 ಸವಕಳಿ. ಆ ಹಣ ಬ್ಯಾಂಕಿನಲ್ಲಿದ್ದಿದ್ದರೆ ಬರುತ್ತಿದ್ದ ಬಡ್ಡಿ ನಲವತ್ತು ಸಾವಿರದಷ್ಟು; ನಿವೃತ್ತರಿಗೆ ಅದೇ ಅಕ್ಕಿ ಬೇಳೆಯ ಹಣ. ವಿಮೆ, ಸರ್ವೀಸು ಸೇರಿಸಿದರೆ ಪೆಟ್ರೋಲಿಗೆ ಮುನ್ನವೇ ವರ್ಷಕ್ಕೆ ಒಂದು ಲಕ್ಷಕ್ಕೂ ಮೇಲೆ. ಹಳೆಯದಕ್ಕೆ, ಕೆಟ್ಟ ವರ್ಷದಲ್ಲಿ ಕೂಡ, ವಿಮೆ ಸೇರಿ 42,000. ಎಂದರೆ ಬರಿಯ ಹಣವನ್ನೇ ನೋಡಿದರೆ ಹಳೆಯ ಕಾರು ಹೆಚ್ಚಾಗಿ ಗೆಲ್ಲುತ್ತದೆ. ದುರಸ್ತಿ ದುಬಾರಿಯಾಯಿತೆಂದು ಹೊಸದನ್ನು ಕೊಳ್ಳುವವರು ನಿಜವಾಗಿ ಕೊಳ್ಳುತ್ತಿರುವುದು ಮನಸ್ಸಿನ ನೆಮ್ಮದಿಯನ್ನು. ಅದನ್ನು ಕೊಳ್ಳಬಾರದೆಂದಲ್ಲ, ಉಳಿತಾಯವೆಂಬ ಹೆಸರಿಟ್ಟು ಕೊಳ್ಳಬಾರದು, ಅಷ್ಟೆ.

ಸರ್ಕಾರದ ನಿಯಮಗಳ ಬಗ್ಗೆಯೂ ಜನರಲ್ಲಿ ಬಹಳ ಗೊಂದಲವಿದೆ. ದೆಹಲಿಯ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ ಹಾಕಿದ ನಿರ್ಬಂಧವನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. ಆಮೇಲೆಯೂ ಅದರ ಮೇಲೆ ವಾದವಿವಾದಗಳು ನಡೆದಿವೆ. ಅದು ಅಲ್ಲಿನ ಹವೆಯ ಪ್ರಶ್ನೆ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆರ್.ಟಿ.ಓ. ಕಚೇರಿಯಲ್ಲಿ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ಆದರೆ ಶುಲ್ಕ ಏರಿದೆ. ನಾನು 2021ರಲ್ಲಿ ನವೀಕರಿಸಿದಾಗ ಅದು 600 ರೂಪಾಯಿ. 2022ರ ಏಪ್ರಿಲ್‌ನಿಂದ 5,000. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನ ಅಧಿಸೂಚನೆಯಂತೆ 10,000. ನನ್ನದು ಸರಿಯಾಗಿ ಆ ಗಡಿಯ ಮೇಲೆಯೇ ನಿಂತಿದೆ. ಇದರ ಜೊತೆಗೆ, ಪೆಟ್ರೋಲಿನಲ್ಲಿ ಈಗ ಶೇಕಡ 20 ಎಥೆನಾಲ್ ಬೆರೆಸುತ್ತಿರುವುದರಿಂದ ಹಳೆಯ ಕಾರುಗಳ ರಬ್ಬರ್ ಕೊಳವೆಗಳನ್ನು ಆಗಾಗ ನೋಡಿಸಿ, ಬೇಕಾದರೆ ಬದಲಾಯಿಸಬೇಕು. ಇವೆಲ್ಲ ಖರ್ಚಿನ ಬಾಬುಗಳೇ ಹೊರತು ನಿರ್ಣಾಯಕವಲ್ಲ. ಅಂದಹಾಗೆ, ವಯಸ್ಸು ಐವತ್ತೈದು ದಾಟಿದವರ ಚಾಲನಾ ಪರವಾನಗಿಯನ್ನೂ ಐದೈದು ವರ್ಷಕ್ಕೊಮ್ಮೆ, ವೈದ್ಯರ ಪತ್ರ ಕೊಟ್ಟು, ನವೀಕರಿಸಬೇಕು. ಕಾರಿಗೂ ನನಗೂ ಸರ್ಕಾರ ಒಂದೇ ವಾಯಿದೆ ಕೊಟ್ಟಿರುವುದು ನ್ಯಾಯವಾಗಿಯೇ ಇದೆ.

ನಿರ್ಣಯವಾದದ್ದು ನವೀಕರಣಕ್ಕೆ ಮೊದಲು ಕಾರನ್ನು ರ್‍ಯಾಂಪಿನ ಮೇಲೆ ಏರಿಸಿದಾಗ. ಮೆಕ್ಯಾನಿಕ್ಕು ಒಂದು ಸ್ಕ್ರೂಡ್ರೈವರ್ ಹಿಡಿದು ತಳದ ಉದ್ದಕ್ಕೂ ತಟ್ಟುತ್ತ ಹೋದರು. ಗಟ್ಟಿ ತಗಡಿನ ಸದ್ದು ಬೇರೆ, ತುಕ್ಕು ಹಿಡಿದದ್ದರ ಸದ್ದು ಬೇರೆ. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಅಲ್ಲಲ್ಲಿ ತುಕ್ಕಿತ್ತು. ಅದಕ್ಕೆ ಅವರು ತಲೆಕೆಡಿಸಿಕೊಳ್ಳಲಿಲ್ಲ. ಹಿಂದಿನ ಆಕ್ಸಲ್ ಒಡಲಿಗೆ ಕೂಡುವ ಜಾಗದಲ್ಲಿ, ಎಡಗಡೆ, ಸ್ಕ್ರೂಡ್ರೈವರ್ ಸದ್ದಿಲ್ಲದೆ ಒಳಗಿಳಿಯಿತು. ಮೇಲೆ ಬಳಿದಿದ್ದ ಕರಿಯ ಲೇಪದ ಕೆಳಗೆ ಇಪ್ಪತ್ತು ಮಳೆಗಾಲಗಳ ಕೆಲಸ ನಡೆದಿತ್ತು.

“ಟಿಂಕರ್ ಹತ್ರ ತಗಡು ಕೊಟ್ಟು ವೆಲ್ಡ್ ಮಾಡಿಸ್ಬಹುದು ಮೇಷ್ಟ್ರೇ. ಪೇಟೆಗೆ ಹೋಗಿ ಬರೋಕೆ ಏನೂ ತೊಂದ್ರೆ ಇಲ್ಲ. ಅಮ್ಮನ್ನ ಕೂರಿಸ್ಕೊಂಡು ಘಾಟಿ ಇಳೀರಿ ಅಂತ ಮಾತ್ರ ನಾ ಹೇಳಲ್ಲ” ಎಂದರು.

ಮೂರು ವರ್ಷ ನಮ್ಮ ತಲೆ ತಿಂದ ದುರಸ್ತಿಗಳೆಲ್ಲ ಬದಲಾಯಿಸಬಹುದಾದ ಭಾಗಗಳವು. ಒಂದು ದಿನವೂ ಸದ್ದು ಮಾಡದಿದ್ದ ಈ ಒಂದು ಜಾಗ ಮಾತ್ರ ಬದಲಾಯಿಸಲಾಗದ ಒಡಲಿಗೆ ಸೇರಿದ್ದು, ಮತ್ತು ಅದು ಸೂಚನೆ ಕೊಡುವ ಜಾತಿಯದಲ್ಲ. ಬೆಸೆದ ತಗಡು ಹಿಡಿದಿರುವುದು ಅದರ ಸುತ್ತಲ ಹಳೆಯ ತಗಡನ್ನೇ. ಆ ಹಳೆಯದು ಎಷ್ಟು ದಿನ ತಡೆಯುತ್ತದೆಂದು ಯಾರೂ ಹೇಳಲಾರರು. ಹಳೆಯ ಕಾರಿಟ್ಟುಕೊಂಡವರು, ವಿಶೇಷವಾಗಿ ಮಲೆನಾಡಿನವರೂ ಕರಾವಳಿಯವರೂ, ಎಂಜಿನ್ನಿನ ಮೇಲೆ ಹಣ ಸುರಿಯುವುದಕ್ಕೆ ಮೊದಲು ಒಮ್ಮೆ ಹೀಗೆ ತಳವನ್ನು ತಟ್ಟಿಸಿ ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಅರ್ಧ ಗಂಟೆಯ ಕೆಲಸ.

ಕಾರನ್ನು ಪೇಟೆಗೆ ಮಾತ್ರ ಇಟ್ಟುಕೊಂಡು, ಮಣಿಪಾಲಕ್ಕೆ ಬಾಡಿಗೆ ಕಾರು ಮಾಡಿಕೊಳ್ಳುವ ದಾರಿಯೂ ಇತ್ತು. ಹೋಗಿಬರಲು 3,500 ರೂಪಾಯಿಯಂತೆ ವರ್ಷಕ್ಕೆ 42,000, ಹಳೆಯದರ ಖರ್ಚು 42,000, ಒಟ್ಟು 84,000. ನಾಲ್ಕು ವರ್ಷ ಹಳೆಯದಾದ ಕಾರನ್ನು ನಾಲ್ಕು ಲಕ್ಷ ಇಪ್ಪತ್ತು ಸಾವಿರಕ್ಕೆ ಕೊಂಡು ಎಂಟು ವರ್ಷ ಇಟ್ಟುಕೊಂಡರೆ, ಸವಕಳಿ ಬಡ್ಡಿ ವಿಮೆ ಸರ್ವೀಸು ಸೇರಿ, ನನ್ನ ಒರಟು ಲೆಕ್ಕದಲ್ಲಿ ಅದೂ ಹೆಚ್ಚುಕಡಮೆ ಅಷ್ಟೇ. ಲೆಕ್ಕ ಹೀಗೆ ಸರಿಸಮವಾದಾಗ ಮನೆಯವರನ್ನು ಕೇಳಿದೆ.

“ಕಾರು ನಿಂತರೆ ನನಗೇನೂ ಹೆದರಿಕೆ ಇಲ್ಲ. ನಿಂತಾಗ ನೀವು ಆ ಮಳೆಯಲ್ಲಿ ಇಳಿದು, ಬಾನೆಟ್ ಎತ್ತಿಕೊಂಡು, ತಿರುವಿನಲ್ಲಿ ನಿಲ್ಲುತ್ತೀರಲ್ಲ, ಅದು ಬೇಡ. ಎದುರಿನಿಂದ ಬರುವ ಬಸ್ಸಿನವನಿಗೆ ನೀವು ಕಾಣುತ್ತೀರೋ ಇಲ್ಲವೋ ನನಗೆ ಒಳಗೆ ಕುಳಿತು ತಿಳಿಯುವುದಿಲ್ಲ. ಮೊದಲಾದರೆ ಕಾಣುತ್ತಿತ್ತು” ಎಂದರು.

ನಾವು ನಾಲ್ಕು ವರ್ಷದ ಕಾರನ್ನೇ ಹುಡುಕಿದೆವು. ಹೊಸ ಕಾರಿನ ಬೆಲೆ ಮೊದಲ ಮೂರು ನಾಲ್ಕು ವರ್ಷಗಳಲ್ಲಿ ಬೇಗ ಬೇಗ ಇಳಿಯುತ್ತದೆ. ಆ ನಷ್ಟವನ್ನು ಮೊದಲ ಒಡೆಯ ತುಂಬಿರುತ್ತಾನೆ. ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಓಡಿಸುವ ನಿವೃತ್ತರಿಗೆ ಇದೇ ತಕ್ಕದ್ದೆಂದು ನನ್ನ ಅಭಿಪ್ರಾಯ. ಆದರೆ ತಯಾರಾದ ಇಸವಿಯನ್ನು ನೋಡಿ ಕೊಳ್ಳಬೇಕು. ತುರ್ತು ಬ್ರೇಕಿನಲ್ಲಿ ಚಕ್ರ ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಲ್ಲೂ ಕಡ್ಡಾಯ. ಚಾಲಕನ ಪಕ್ಕದಲ್ಲಿ ಕೂರುವವರಿಗೂ ಗಾಳಿಚೀಲ ಎಲ್ಲ ಕಾರುಗಳಲ್ಲಿ ಕಡ್ಡಾಯವಾದದ್ದು 2022ರ ಆರಂಭದಿಂದ. ನಮ್ಮಲ್ಲಿ ಪಕ್ಕದ ಸೀಟಿನಲ್ಲಿ ಕೂರುವವರು ಯಾರೆಂದು ಹೇಳಬೇಕಾಗಿಲ್ಲ. ನೋಡಿದ ಮೂರು ಕಾರುಗಳಲ್ಲಿ ಎರಡನ್ನು ರ್‍ಯಾಂಪಿನ ಮೇಲೆಯೇ ಬೇಡವೆಂದೆವು. ಸ್ಕ್ರೂಡ್ರೈವರ್ ಅದೇ, ಕೈಯೂ ಅದೇ.

ಹಳೆಯದನ್ನು ಕೇಳಿಕೊಂಡು ಒಬ್ಬ ಹುಡುಗ ಬಂದಿದ್ದ. ಪೇಟೆಯ ಓಡಾಟಕ್ಕೆ ಬೇಕಂತೆ, 35,000 ಕೊಡುತ್ತೇನೆಂದ. ತಳದ ವಿಚಾರ ತಿಳಿಸಿ, ಜಾಗ ತೋರಿಸಿದೆ. ಆಮೇಲೆ ಅವನು ಬರಲಿಲ್ಲ. ಮಾರುವವರು ಇನ್ನೊಂದನ್ನೂ ನೆನಪಿಡಬೇಕು: ಹಣ ಎಣಿಸಿಕೊಂಡು ಕೀಲಿ ಕೊಟ್ಟ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ. ಆರ್.ಟಿ.ಓ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು, ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೊನೆಗೆ, ಮುರಿದು ವಿಲೇವಾರಿ ಮಾಡಲು ಸರ್ಕಾರದ ನೋಂದಣಿಯಿರುವ ಕೇಂದ್ರಕ್ಕೆ ಕೊಡುವುದೆಂದು ನಿಶ್ಚಯಿಸಿದೆವು. ಅಂಥ ಕೇಂದ್ರಗಳಿಗೆ 2021ರಲ್ಲಿ ನಿಯಮಗಳು ಬಂದಿವೆ. ಅವರು ಕೊಡುವ ಪ್ರಮಾಣಪತ್ರದಿಂದ ಹೊಸ ಕಾರು ಕೊಳ್ಳುವವರಿಗೆ ನೋಂದಣಿ ಶುಲ್ಕದ ವಿನಾಯಿತಿಯುಂಟು. ಹೊಸ ಕಾರು ಕೊಳ್ಳದ ನಮಗೆ ಅದು ಉಪಯೋಗವಿಲ್ಲ, ತೂಕದ ಹಣ ಮಾತ್ರ. ಎರಡು ತಿಂಗಳ ಹಿಂದೆ ಹಾಕಿಸಿದ್ದ ಬ್ಯಾಟರಿಯನ್ನು ಮೆಕ್ಯಾನಿಕ್ಕು ತಮ್ಮ ಜೀಪಿಗೆ ತೆಗೆದುಕೊಂಡರು. ಆ ಸೆನ್ಸರನ್ನೂ ಬಿಚ್ಚಿ ಇಟ್ಟುಕೊಂಡಿದ್ದಾರೆ. ಅದೇ ಮಾದರಿಯ ಇನ್ನೊಂದು ಕಾರು ಕೊಪ್ಪದಲ್ಲಿ ಓಡುತ್ತಿದೆಯಂತೆ.